ಬಿದಿರು ಮೆಳೆಯ ಸವರಿಕೆ ಮತ್ತು ಆರೈಕೆ

ಬಿದಿರು ಮೆಳೆಯ ಸವರಿಕೆ ಎಂದರೆ ಹಿತ್ತಲು, ತೋಟ ಅಥವಾ ಹೊಲದ ಬದುವಿನಲ್ಲಿ ಬೆಳೆದ ಮೆಳೆಯಿಂದ ಬಲಿತ ಗಳಗಳನ್ನು ಆಯ್ದು ಬುಡದಲ್ಲಿ ಕಡಿದು ತೆಗೆಯುವ ಕೆಲಸ. ಬಿದಿರು ಹುಲ್ಲಿನ ಕುಟುಂಬದ ಸಸ್ಯ. ಆದ್ದರಿಂದ ದಾಳಿಂಬೆ, ದಾಸವಾಳಗಳಂತೆ ಇದರ ತುದಿ ಕತ್ತರಿಸಿ ಆಕಾರ ಕೊಡುವುದಕ್ಕಿಂತ ಯಾವ ಗಳವನ್ನು ತೆಗೆದು ಯಾವುದನ್ನು ಉಳಿಸಬೇಕೆಂಬ ಆಯ್ಕೆಯೇ ಮುಖ್ಯವಾದುದು. ಬೀದರ್ ಎಂಬ ಹೆಸರು ಬಿದಿರಿನಿಂದ ಬಂದಿತೆಂಬ ನಿರುಕ್ತಿ ಪ್ರಚಲಿತವಾಗಿದೆ. ವಿದುರನ ಹೆಸರಿನೊಂದಿಗೆ ಜೋಡಿಸುವ ಐತಿಹ್ಯವೂ ಇದೆ. ಮನ್ನಳ್ಳಿ, ಭಾಲ್ಕಿ, ಔರಾದ್‌ಗಳಂತಹ ಒಣ ಹವೆಯ ಊರುಗಳಿಗೆ ಕಿರುಬಿದಿರು ಚೆನ್ನಾಗಿ ಒಗ್ಗುತ್ತದೆ. ಮುಳ್ಳಿರುವ ಹೆಬ್ಬಿದಿರು ಬೇಲಿಗೆ ಸೂಕ್ತ, ಅಲಂಕಾರಕ್ಕೆ ಹಳದಿ ಬಿದಿರು ಬಳಕೆಯಲ್ಲಿದೆ.

ಬೆಳವಣಿಗೆಯ ಕ್ರಮ

ಮುಂಗಾರು ನೆಲವನ್ನು ಚೆನ್ನಾಗಿ ನೆನೆಸಿದ ಮೇಲೆ ಕಳಲೆ ಮೇಲೇಳುತ್ತದೆ. ಎರಡು ಮೂರು ತಿಂಗಳಲ್ಲಿ ಅದು ತನ್ನ ಪೂರ್ಣ ಎತ್ತರವನ್ನು ಮುಟ್ಟುತ್ತದೆ. ನೆಲದಿಂದ ಹೊರಬಂದಾಗ ಇದ್ದ ದಪ್ಪ ಮುಂದೆ ಹೆಚ್ಚುವುದಿಲ್ಲ. ಅನಂತರದ ವರ್ಷಗಳಲ್ಲಿ ಗಳವು ಗಟ್ಟಿಯಾಗುತ್ತದೆ, ಅಷ್ಟೆ. ಹೊಸ ಕಳಲೆಗಳು ಹೆಚ್ಚಾಗಿ ಒಂದೆರಡು ವರ್ಷದ ಗಳಗಳ ಗಡ್ಡೆಯಿಂದ, ಮೆಳೆಯ ಹೊರಸುತ್ತಿನಲ್ಲಿ ಹುಟ್ಟುತ್ತವೆ. ಹೀಗಾಗಿ ಹಳೆಯವು ನಡುವಿನಲ್ಲಿ, ಎಳೆಯವು ಅಂಚಿನಲ್ಲಿ ಇರುತ್ತವೆ. ಕೈಗೆ ಸುಲಭವಾಗಿ ಸಿಗುವುದು ಅಂಚಿನವೇ. ಅವನ್ನೇ ವರ್ಷವರ್ಷವೂ ಕಡಿದರೆ ಮುಂದಿನ ಕಳಲೆಗೆ ಆಧಾರವಾದ ಗಳಗಳು ಹೋಗಿ, ಒಣಗಿದ ಮುದಿ ಗಳಗಳು ನಡುವೆ ಹೆಣೆದುಕೊಂಡು ಮೆಳೆ ಉಸಿರುಕಟ್ಟುತ್ತದೆ. ಹಿತ್ತಲಿನ ಬಿದಿರು ಕೆಡುವುದಕ್ಕೆ ರೋಗಕ್ಕಿಂತ ಇದೇ ದೊಡ್ಡ ಕಾರಣ.

ವಯಸ್ಸಿನ ಗುರುತು

ಮೊದಲ ವರ್ಷದ ಗಳದ ಮೇಲೆ ಪೊರೆಯೂ ಬೂದಿಯಂತಹ ಬಿಳಿ ಪುಡಿಯೂ ಕಾಣುತ್ತವೆ. ಮೂರು ವರ್ಷ ದಾಟಿದ್ದರ ಹಸಿರು ಮಂಕಾಗಿ, ಮೈಮೇಲೆ ಕಲ್ಲುಹೂವಿನ ಮಚ್ಚೆಗಳು ಮೂಡುತ್ತವೆ. ಕತ್ತಿಯ ಹಿಂಬದಿಯಿಂದ ತಟ್ಟಿದರೆ ಗಟ್ಟಿ ನಾದ ಬರುತ್ತದೆ. ಹುಟ್ಟಿದ ವರ್ಷವನ್ನು ಗಳದ ಮೇಲೆ ಬಣ್ಣದಿಂದ ಬರೆದಿಡುವುದು ಇವೆಲ್ಲಕ್ಕಿಂತ ನಂಬಲರ್ಹ.

ಬುಟ್ಟಿ, ಮೊರ ಹೆಣೆಯಲು ಸುಲಭವಾಗಿ ಸೀಳುವ ಎಳೆಯ ಗಳ ಬೇಕು. ಮೇದರ ಕಸುಬಿಗೆ ಒದಗುವ ಗಳವೂ ಮೆಳೆಗೆ ಬೇಕಾದ ಗಳವೂ ಒಂದೇ ಆಗುವುದುಂಟು. ಈ ಕಸುಬು ಇಲ್ಲಿ ಹಳೆಯದು. 12ನೆಯ ಶತಮಾನದ ಶರಣ ಮೇದಾರ ಕೇತಯ್ಯನ ಕಾಯಕ ಇದೇ ಆಗಿತ್ತು. ಎಳೆಯ ಗಳ ಕೊಡುವುದಾದರೆ ಇಡೀ ಅಂಚನ್ನು ಬೋಳಿಸದೆ, ಒತ್ತಾಗಿರುವ ಕಡೆ ಒಂದೊಂದನ್ನು ಮಾತ್ರ ತೆಗೆಯಬೇಕು.

ಕಡಿಯುವ ಕಾಲ ಮತ್ತು ವಿಧಾನ

ಮಳೆಗಾಲದಲ್ಲಿ ಕಡಿಯಬಾರದು, ಆಗ ಕಳಲೆ ಮುರಿಯುತ್ತದೆ. ಅಕ್ಟೋಬರ್‌ನಿಂದ ಫೆಬ್ರವರಿಯವರೆಗಿನ ಅವಧಿ ಸೂಕ್ತ. ಕೃಷ್ಣಪಕ್ಷದಲ್ಲಿ ಕಡಿದ ಗಳಕ್ಕೆ ಹುಳು ಹತ್ತುವುದಿಲ್ಲವೆಂಬ ನಂಬಿಕೆ ಹಲವೆಡೆ ಇದೆ. ಹುಳುವನ್ನು ಆಕರ್ಷಿಸುವುದು ಗಳದೊಳಗಿನ ಪಿಷ್ಟ. ಕಡಿದ ಗಳಗಳನ್ನು ಕೆಲವು ವಾರ ನೀರಿನಲ್ಲಿ ಮುಳುಗಿಸಿಟ್ಟರೆ ಅದು ತಗ್ಗುತ್ತದೆ.

ಕಿಕ್ಕಿರಿದ ಮೆಳೆಯನ್ನು ಒಂದು ಬದಿಯಿಂದ ತೆರೆದು, ಲಾಳದ ಆಕಾರದಲ್ಲಿ ನಡುವಿನವರೆಗೆ ದಾರಿ ಮಾಡಿಕೊಳ್ಳಬೇಕು. ಹೆಬ್ಬಿದಿರಿನಲ್ಲಿ ಮೊದಲು ಕೆಳಗಿನ ಮುಳ್ಳುಕೊಂಬೆಗಳನ್ನು ಸವರದೆ ಒಳಗೆ ಕೈಹಾಕಲಾಗದು. ಒಣಗಿದವು, ಮುರಿದವು, ಬಲಿತವು, ಈ ಕ್ರಮದಲ್ಲಿ ಗಳಗಳನ್ನು ತೆಗೆಯಬೇಕು. ಬಲಿತವುಗಳಲ್ಲೂ ಕೆಲವನ್ನು ಎಳೆಯವಕ್ಕೆ ಆಸರೆಯಾಗಿ ಬಿಡಬೇಕು. ಕಡಿತವು ನೆಲದಿಂದ ಗೇಣುದ್ದದೊಳಗೆ, ಗಿಣ್ಣಿಗೆ ತೀರ ಹತ್ತಿರ ಮೇಲಿರಬೇಕು. ಗಿಣ್ಣಿನ ಮೇಲೆ ಉದ್ದ ಕೊಳವೆ ಉಳಿದರೆ ಅದು ಬಟ್ಟಲಿನಂತೆ ಮಳೆನೀರು ಹಿಡಿದು ಬುಡವನ್ನು ಕೊಳೆಸುತ್ತದೆ, ಸೊಳ್ಳೆಗೂ ನೆಲೆಯಾಗುತ್ತದೆ.

ಮಣ್ಣು ಮತ್ತು ನೀರು

ಔರಾದ್, ಭಾಲ್ಕಿಗಳ ಎರೆಮಣ್ಣಿನಲ್ಲಿ ಮಳೆಗಾಲಕ್ಕೆ ನೀರು ನಿಲ್ಲುತ್ತದೆ. ಅಲ್ಲಿ ಬುಡವನ್ನು ದಿಬ್ಬವಾಗಿಸಿ ಕಾಲುವೆ ತೆಗೆಯುವುದು ಅಗತ್ಯ. ಬೀದರ್ ಸುತ್ತಲಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ನೀರು ಬೇಗ ಬಸಿದುಹೋಗುವುದರಿಂದ ಮೊದಲ ಎರಡು ಬೇಸಿಗೆ ನೀರುಣಿಸಬೇಕು. ಗಡ್ಡೆಗಳು ಕ್ರಮೇಣ ಮೇಲಕ್ಕೆ ಬರುತ್ತವೆ. ಮಳೆಗೆ ಮುಂಚೆ ಗೊಬ್ಬರ ಬೆರೆಸಿದ ಮಣ್ಣನ್ನು ಏರಿಸಬೇಕು. ಉದುರಿದ ಎಲೆಯನ್ನು ಗುಡಿಸಿ ಸುಡದೆ ಬುಡದಲ್ಲೇ ಹರಡಿದರೆ ತೇವ ಉಳಿಯುತ್ತದೆ.

ಹೂ ಬಿಡುವಿಕೆ

ಕಿರುಬಿದಿರು ಮತ್ತು ಹೆಬ್ಬಿದಿರು ಹಲವು ದಶಕಗಳಿಗೊಮ್ಮೆ ಸಾಮೂಹಿಕವಾಗಿ ಹೂ ಬಿಟ್ಟು, ಬಿದಿರಕ್ಕಿ ಕೊಟ್ಟು ಸಾಯುತ್ತವೆ. ಸವರಿಕೆಯಿಂದಾಗಲಿ ಗೊಬ್ಬರದಿಂದಾಗಲಿ ಇದನ್ನು ತಡೆಯಲಾಗದು. ಬೀಜ ಉದುರಿದ ಮೇಲೆ ಒಣಗಿದ ಮೆಳೆಯನ್ನು ಬೇಸಿಗೆಗೆ ಮುನ್ನ ಕಡಿಯಬೇಕು, ಇಲ್ಲವಾದರೆ ಬೆಂಕಿಯ ಭಯವಿರುತ್ತದೆ. ಅದೇ ಬೀಜದಿಂದ ಹೊಸ ಸಸಿಗಳನ್ನು ಎಬ್ಬಿಸಬಹುದು.