ಭಂಡಾರದ ಬೀಗದ ಕೈ ಯಾರ ಬಳಿ?

ರೈತನಿಗೆ ಹೊಲದಷ್ಟೇ ಅಮೂಲ್ಯವಾದುದು ಹೊಲದ ಪತ್ರ. ಕರ್ನಾಟಕದಲ್ಲಿ ಅದು ಪಹಣಿ, ಆಂಧ್ರದಲ್ಲಿ ಅಡಂಗಲ್. ೧೯೫೩ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದ ನಮ್ಮ ಆದವಾನಿ, ಆಲೂರು ಸೀಮೆಯವರಿಗೆ ಎರಡೂ ಹೆಸರು ಪರಿಚಿತ. ಹಿಂದೆ ದಫ್ತರದ ಕಟ್ಟುಗಳಲ್ಲಿದ್ದ ಈ ಲೆಕ್ಕ ಇಂದು ಗಣಕಯಂತ್ರದಲ್ಲಿದೆ. ಅಲ್ಲಿ ಅದನ್ನು ಕಾಯುವವರು ಯಾರು?

ವಿದ್ಯಾರ್ಥಿಗಳೇ, ಗಣಕಯಂತ್ರಕ್ಕೆ ಎರಡು ಬಾಗಿಲುಗಳಿವೆಯೆಂದು ತಿಳಿಯಿರಿ. ಹೊರಬಾಗಿಲನ್ನು ಕಾಯುವುದು ಯಂತ್ರವನ್ನು ನಡೆಸುವ ಆಪರೇಟಿಂಗ್ ಸಿಸ್ಟಂ. ವಿಂಡೋಸ್, ಲಿನಕ್ಸ್ ಇದಕ್ಕೆ ಉದಾಹರಣೆಗಳು. ಒಳಬಾಗಿಲನ್ನು ಕಾಯುವುದು ಡೇಟಾಬೇಸ್, ಅಂದರೆ ಮಾಹಿತಿಯ ಭಂಡಾರ. ಎರಡು ಕಡೆಯೂ ಕೆಲಸಗಾರನಿಗೆ ಅವನ ಹೆಸರಿನ ಖಾತೆಯಿರುತ್ತದೆ. ಒಬ್ಬನು ಓದಬಲ್ಲ, ಇನ್ನೊಬ್ಬನು ಬರೆಯಬಲ್ಲ. ಆಡಳಿತಾಧಿಕಾರ ಪಡೆದವನಾದರೋ ಎಲ್ಲವನ್ನೂ ತಿದ್ದಬಲ್ಲ, ಅಳಿಸಬಲ್ಲ, ಇತರರಿಗೂ ಅಧಿಕಾರ ಹಂಚಬಲ್ಲ.

ಹೊರಬಾಗಿಲಲ್ಲಿ ಗುರುತು ಸಿಕ್ಕವನನ್ನು ಒಳಬಾಗಿಲಲ್ಲಿ ಮತ್ತೆ ಪ್ರಶ್ನಿಸದೆ ಬಿಡುವ ಏರ್ಪಾಡೂ ಉಂಟು. ಒರಾಕಲ್ ಎಂಬ ಡೇಟಾಬೇಸಿನಲ್ಲಿ, ಯಂತ್ರದ ಒಂದು ಗೊತ್ತಾದ ಗುಂಪಿಗೆ ಸೇರಿದ ಖಾತೆಯು ಬೇರೆ ಗುಪ್ತಪದವಿಲ್ಲದೆ ಭಂಡಾರದ ಆಡಳಿತ ಪಡೆಯುತ್ತದೆ. ಇದರಿಂದ ಅನುಕೂಲವಿದೆ: ನೌಕರನು ವರ್ಗವಾದಾಗ ಆ ಒಂದು ಖಾತೆಯನ್ನು ಮುಚ್ಚಿದರೆ ಸಾಕು. ಅಪಾಯವೂ ಇದೆ. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಹಿಂದೆ ಯಂತ್ರದ ಆಡಳಿತಗಾರರೆಲ್ಲರೂ ತಾವಾಗಿಯೇ ಭಂಡಾರದ ಆಡಳಿತಗಾರರೂ ಆಗುತ್ತಿದ್ದರು. ಮನೆಯ ಸೂರು ರಿಪೇರಿಗೆ ಬಂದವನಿಗೆ ತಿಜೋರಿಯ ಕೀಲಿಯನ್ನೂ ಕೊಟ್ಟಂತೆ! ೨೦೦೮ರ ಆವೃತ್ತಿಯಿಂದ ಈ ಪದ್ಧತಿ ನಿಂತು, ಅಧಿಕಾರವನ್ನು ಇಂಥವರಿಗೇ ಎಂದು ಹೆಸರಿಸಿ ಕೊಡುವಂತಾಯಿತು.

ಈ ಶತಮಾನದ ಆರಂಭದಲ್ಲಿ ಕರ್ನಾಟಕದ ‘ಭೂಮಿ’ ಯೋಜನೆಯು ಸುಮಾರು ೬೭ ಲಕ್ಷ ರೈತರ ೨ ಕೋಟಿ ದಾಖಲೆಗಳನ್ನು ಗಣಕಕ್ಕೆ ಏರಿಸಿತು. ಅಲ್ಲಿ ನೌಕರರ ಬೆರಳಿನ ಗುರುತನ್ನು ಕೇಳುವ ಏರ್ಪಾಡು ಮಾಡಿದರು. ಗುಪ್ತಪದವನ್ನು ಇನ್ನೊಬ್ಬರಿಗೆ ಹೇಳಿಕೊಡಬಹುದು. ಬೆರಳನ್ನು ಎರವಲು ಕೊಡಲಾದೀತೆ? ತಿದ್ದಿದವರು ‘ನಾನಲ್ಲ’ ಎನ್ನುವಂತಿಲ್ಲ. ಆದರೆ ಯಾವ ಕಚೇರಿಯಲ್ಲೇ ಆಗಲಿ, ಇಂಥ ಕಾವಲೆಲ್ಲ ಸಾಮಾನ್ಯ ನೌಕರನು ಹಾದುಹೋಗುವ ದಾರಿಯಲ್ಲಿರುತ್ತದೆ. ಆಡಳಿತಾಧಿಕಾರದ ಖಾತೆಯು ಅದನ್ನು ಬಳಸಿಕೊಂಡು ನೇರವಾಗಿ ಭಂಡಾರಕ್ಕೇ ಇಳಿಯಬಲ್ಲದು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ಆದುದರಿಂದ ಮೂರು ನಿಯಮಗಳನ್ನು ನೆನಪಿಡಬೇಕು. ಆಡಳಿತಾಧಿಕಾರ ಕೆಲವೇ ಜನರಿಗಿರಲಿ. ಒಂದೇ ಖಾತೆಯನ್ನು ಹಲವರು ಹಂಚಿಕೊಳ್ಳದಿರಲಿ. ಹಂಚಿಕೊಂಡರೆ ತಪ್ಪಿಗೆ ಹೊಣೆಗಾರರೇ ಸಿಗುವುದಿಲ್ಲ. ಅಧಿಕಾರವುಳ್ಳವರೂ ದಿನದ ಕೆಲಸವನ್ನು ಸಾಮಾನ್ಯ ಖಾತೆಯಲ್ಲೇ ಮಾಡಲಿ. ಇವುಗಳ ಜೊತೆಗೆ, ಯಾರು ಯಾವಾಗ ಏನನ್ನು ತಿದ್ದಿದರೆಂಬ ದಿನಚರಿಯು ತಿದ್ದಿದವರ ಕೈಗೆ ಸಿಗದ ಕಡೆ ಇರಬೇಕು.

ಪೋಷಕರೇ, ನೀವೂ ವರ್ಷಕ್ಕೊಮ್ಮೆಯಾದರೂ ನಿಮ್ಮ ಅಡಂಗಲ್ ಪ್ರತಿಯನ್ನು ತೆಗೆಸಿ, ಓದಬಲ್ಲ ಮಕ್ಕಳಿಂದ ಓದಿಸಿ ನೋಡಿರಿ. ಭಂಡಾರಕ್ಕೆ ಎಷ್ಟೇ ಬೀಗಗಳಿದ್ದರೂ ಒಡೆಯನ ಕಣ್ಣಿಗೆ ಸಮನಾದ ಕಾವಲಿಲ್ಲ.