15 ದಿನ ಕಾಯಬೇಡಿ: ಮುಟ್ಟಿನ ಏರುಪೇರು, ಮಸ್‌ಅಲ ಮತ್ತು ಚಿಕಿತ್ಸೆ

ಇಶಾ ಕಳೆದ ಮೇಲೆ ಒಬ್ಬರು ಫೋನ್ ಮಾಡಿ, "ಉಸ್ತಾದ್, ಒಂದು ಮಸ್‌ಅಲ ಕೇಳಲಿಕ್ಕುಂಟು" ಎಂದರು. ಪತ್ನಿಗೆ ರಕ್ತ ಹೋಗಲು ಶುರುವಾಗಿ 20 ದಿನವಾಗಿದೆ, ನಮಾಝ್‌ನ ಲೆಕ್ಕ ಹೇಗೆ ಎಂಬುದು ಪ್ರಶ್ನೆ. ಮಸ್‌ಅಲ ಹೇಳಿದೆ. ಡಾಕ್ಟರರಿಗೆ ತೋರಿಸಿದಿರಾ ಎಂದು ಕೇಳಿದಾಗ ಆ ಕಡೆಯಿಂದ ಮಾತಿಲ್ಲ. ಮರುದಿನ ಪರೀಕ್ಷೆ ಮಾಡಿಸಿದರೆ ಆಕೆಯ ಹಿಮೋಗ್ಲೋಬಿನ್ 7ಕ್ಕೆ ಇಳಿದಿತ್ತು. ಹೆಂಗಸರಿಗೆ 12 ಆದರೂ ಇರಬೇಕು.

ಇದನ್ನು ಜುಮಾದಲ್ಲಿ ಹೇಳಿದ್ದು ಕೆಲವರಿಗೆ ಮುಜುಗರವಾಯಿತಂತೆ. ಫಾತಿಮಾ ಬಿಂತ್ ಅಬೀ ಹುಬೈಶ್ (ರ) ಪ್ರವಾದಿವರ್ಯರ (ಸ) ಬಳಿಗೇ ಬಂದು, ತನಗೆ ರಕ್ತ ನಿಲ್ಲುವುದಿಲ್ಲ, ನಮಾಝ್ ಬಿಡಬೇಕೇ ಎಂದು ಕೇಳಿದ್ದರು. ಬಿಡಬಾರದು, ಅದು ರಕ್ತನಾಳದಿಂದ ಬರುವುದು, ಮುಟ್ಟಲ್ಲ ಎಂದು ಅವರು ತಿಳಿಸಿದ್ದು ಬುಖಾರಿಯಲ್ಲಿದೆ. ಆ ಮಹಿಳೆ ನಾಚಿ ಮನೆಯಲ್ಲೇ ಕುಳಿತಿದ್ದರೆ?

ಶಾಫಿಈ ಮದ್‌ಹಬ್‌ನಲ್ಲಿ ಹೈಳ್ ಕನಿಷ್ಠ 24 ಗಂಟೆ, ಹೆಚ್ಚೆಂದರೆ 15 ದಿನ, ಸಾಮಾನ್ಯವಾಗಿ 6 ಅಥವಾ 7 ದಿನ. ಎರಡು ಹೈಳ್‌ಗಳ ನಡುವೆ ಕನಿಷ್ಠ 15 ದಿನ ಶುದ್ಧಿ ಬೇಕು. ರಕ್ತ 15 ದಿನ ದಾಟಿದರೆ ಅದರಲ್ಲಿ ಇಸ್ತಿಹಾಳತ್ ಸೇರಿದೆ. ಯಾವ ದಿನಗಳು ಹೈಳ್ ಎಂಬುದನ್ನು ರಕ್ತದ ಬಣ್ಣ ಮತ್ತು ಹಿಂದಿನ ರೂಢಿ ನೋಡಿ ತೀರ್ಮಾನಿಸಬೇಕು. ಉಳಿದ ದಿನಗಳಲ್ಲಿ ಬಿಟ್ಟ ನಮಾಝ್ ಖಳಾ ವೀಟಬೇಕು. ಇಸ್ತಿಹಾಳತ್ ಇರುವವಳು ವಕ್ತ್ ಆದ ಮೇಲೆ ಶುಚಿಮಾಡಿ, ಪ್ಯಾಡ್ ಇಟ್ಟು, ಪ್ರತಿ ಫರ್ಳ್‌ಗೂ ವುಳೂ ಮಾಡಿ ತಡಮಾಡದೆ ನಮಾಝ್ ಮಾಡಬೇಕು, ಉಪವಾಸವನ್ನೂ ಹಿಡಿಯಬೇಕು.

ಎಡವಟ್ಟಾಗುವುದು ಇಲ್ಲಿಯೇ. 15 ದಿನ ಎಂಬುದು ಇಬಾದತ್‌ನ ಲೆಕ್ಕ, ಆರೋಗ್ಯದ್ದಲ್ಲ. "15 ಆಗಲಿಲ್ಲವಲ್ಲ" ಎಂದು ಸುಮ್ಮನಿರುವ ಮನೆಗಳುಂಟು. ರಕ್ತ 8 ದಿನ ದಾಟಿದರೆ, 21 ದಿನದೊಳಗೆ ಮತ್ತೆ ಮತ್ತೆ ಮುಟ್ಟಾದರೆ, ಗರ್ಭವಿಲ್ಲದೆ 3 ತಿಂಗಳು ನಿಂತರೆ ಡಾಕ್ಟರರನ್ನು ಕಾಣಬೇಕು. ಗಂಟೆಗೊಂದು ಪ್ಯಾಡ್ ಒದ್ದೆಯಾಗುತ್ತಿದ್ದರೆ, ತಲೆಸುತ್ತಿ ಬಿದ್ದರೆ, ಗರ್ಭಿಣಿಗೆ ರಕ್ತ ಕಂಡರೆ ಅದೇ ದಿನ, ರಾತ್ರಿಯಾದರೂ ಸರಿ. ಮಸ್‌ಅಲ ಆಮೇಲೆ ಕೇಳಬಹುದು. ಮುಟ್ಟು ನಿಂತು ವರ್ಷ ಕಳೆದ ಉಮ್ಮನಿಗೆ ಒಂದು ಹನಿ ಕಂಡರೂ ಬಿಡಬೇಡಿ, ಗರ್ಭಕೋಶದ ಕ್ಯಾನ್ಸರ್ ಅಲ್ಲವೆಂದು ಖಾತ್ರಿಯಾಗಬೇಕು.

ಎಲ್ಲ ಏರುಪೇರೂ ರೋಗವಲ್ಲ. ಮುಟ್ಟು ಶುರುವಾದ ಮೊದಲ ಎರಡು ಮೂರು ವರ್ಷ, ಮಗುವಿಗೆ ಹಾಲೂಡಿಸುವಾಗ, 45ರ ಆಸುಪಾಸಿನಲ್ಲಿ ಲೆಕ್ಕ ತಪ್ಪುವುದು ಸಹಜ. ಆದರೆ ತೂಕ ಏರುತ್ತಾ, ಮುಖದಲ್ಲಿ ಕೂದಲು ಬಂದು, ತಿಂಗಳುಗಟ್ಟಲೆ ಮುಟ್ಟಾಗದಿದ್ದರೆ ಪಿಸಿಒಡಿ ಇರಬಹುದು. ಥೈರಾಯ್ಡ್ ಕೂಡ ಇರಬಹುದು. ಮದುವೆಯಾಗದ ಮಗಳನ್ನು ಹೆರಿಗೆ ಡಾಕ್ಟರರ ಬಳಿ ಕಂಡರೆ ಊರಿನವರು ಏನೆಂದಾರು ಎಂದು ತಾಯಂದಿರು ಅಂಜುತ್ತಾರೆ. ಹೆಚ್ಚಾಗಿ ಅಲ್ಲಿ ಆಗುವುದು ರಕ್ತಪರೀಕ್ಷೆ, ಹೊಟ್ಟೆಯ ಮೇಲಿಂದ ಸ್ಕ್ಯಾನ್, ಅಷ್ಟೆ. ಲೇಡಿ ಡಾಕ್ಟರ್ ಬೇಕೆಂದು ಕೇಳಬಹುದು.

ರಮಳಾನ್‌ಗೆ, ಉಮ್ರಾಕ್ಕೆ ಮುಟ್ಟು ಮುಂದೂಡುವ ಮಾತ್ರೆಯನ್ನು ಮೆಡಿಕಲ್‌ನಿಂದ ನೇರ ತಂದು ನುಂಗುವವರಿದ್ದಾರೆ. ಹಾನಿಯಿಲ್ಲದಿದ್ದರೆ ಸೇವಿಸಬಹುದೆಂದು ಉಲಮಾಗಳು ಹೇಳಿದ್ದಾರೆ; ಹಾನಿಯಿದೆಯೇ ಎಂದು ಹೇಳಬೇಕಾದವರು ಡಾಕ್ಟರು. ರಕ್ತ ಹೆಪ್ಪುಗಟ್ಟಿದ ತೊಂದರೆ ಇದ್ದವರಿಗೆ, ಲಿವರ್ ಕಾಯಿಲೆಯವರಿಗೆ ಅದು ಆಗುವುದಿಲ್ಲ. ರಮಳಾನ್‌ನಲ್ಲಿ ತಪ್ಪಿದ ಉಪವಾಸಕ್ಕೆ ಖಳಾ ಇದೆ.

ಮುಟ್ಟು ಶುರುವಾದ ಮತ್ತು ನಿಂತ ದಿನ, ಗಂಟೆ, ಬಣ್ಣ, ಎಷ್ಟು ಪ್ಯಾಡ್ ಎಂದು ಪ್ರತಿ ತಿಂಗಳೂ ಬರೆದಿಡಿ. ಉಸ್ತಾದ್‌ಗೂ ಡಾಕ್ಟರರಿಗೂ ಬೇಕಾಗುವುದು ಅದೇ ಲೆಕ್ಕ. ಬಂಟ್ವಾಳ, ಬೆಳ್ತಂಗಡಿಯಲ್ಲಿ ತಾಲೂಕು ಆಸ್ಪತ್ರೆ, ಮೂಡುಬಿದಿರೆಯಲ್ಲಿ ಸಮುದಾಯ ಆರೋಗ್ಯ ಕೇಂದ್ರ, ಮಂಗಳೂರಿನಲ್ಲಿ ಸರಕಾರಿ ಲೇಡಿಗೋಶನ್ ಇದೆ. ದಾರಿ ತಿಳಿಯದವರು ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.