ಯೆಲ್ಲೋಸ್ಟೋನ್: ಡೇರೆಯ ನಿಯಮ, ಕರಡಿಯ ಪ್ರಾಣ

1872ರಲ್ಲಿ ಸ್ಥಾಪನೆಯಾದ ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ 12 ಶಿಬಿರತಾಣಗಳಿವೆ. ಒಳಕಾಡಿನಲ್ಲಿ ರಾತ್ರಿ ತಂಗಲು ಪ್ರತ್ಯೇಕ ಪರವಾನಗಿ ಕಡ್ಡಾಯ.

ಇಲ್ಲಿನ ಅತ್ಯಂತ ಕಟ್ಟುನಿಟ್ಟಿನ ನಿಯಮ ಆಹಾರಕ್ಕೆ ಸಂಬಂಧಿಸಿದ್ದು. ತಿನಿಸು, ಅಡುಗೆ ಪಾತ್ರೆ, ಕಸ ಮಾತ್ರವಲ್ಲ, ವಾಸನೆ ಸೂಸುವ ಸೋಪು, ಟೂತ್‌ಪೇಸ್ಟ್‌ಗಳನ್ನೂ ಡೇರೆಯೊಳಗೆ ಇಡುವಂತಿಲ್ಲ. ಬಳಸಿದ ಕೂಡಲೇ ಅವುಗಳನ್ನು ವಾಹನದಲ್ಲಿ ಅಥವಾ ಕರಡಿ ತೆರೆಯಲಾಗದ ಲೋಹದ ಪೆಟ್ಟಿಗೆಯಲ್ಲಿ ಭದ್ರಪಡಿಸಬೇಕು. ಕರಡಿ, ತೋಳಗಳಿಂದ ಕನಿಷ್ಠ 91 ಮೀಟರ್ ದೂರವಿರಬೇಕು.

ಈ ಬಿಗಿಗೆ ಕಾರಣವಿದೆ. ಹಿಂದೆ ಪ್ರವಾಸಿಗರು ರಸ್ತೆಬದಿಯಲ್ಲೇ ಕರಡಿಗಳಿಗೆ ತಿನಿಸು ನೀಡುತ್ತಿದ್ದರು. 1931ರಿಂದ 1969ರವರೆಗೆ ಕರಡಿ ದಾಳಿಗೆ ವರ್ಷಕ್ಕೆ ಸರಾಸರಿ 48 ಮಂದಿ ಗಾಯಗೊಂಡರು. 1970ರಲ್ಲಿ ಕಠಿಣ ಕ್ರಮಗಳು ಜಾರಿಯಾದ ಬಳಿಕ ಈ ಸಂಖ್ಯೆ ಗಣನೀಯವಾಗಿ ಇಳಿಯಿತು.

ಮನುಷ್ಯರ ಆಹಾರದ ರುಚಿ ಹತ್ತಿದ ಕರಡಿ ಮತ್ತೆ ಮತ್ತೆ ಶಿಬಿರಕ್ಕೆ ನುಗ್ಗುತ್ತದೆ; ಅಂತಿಮವಾಗಿ ಅದನ್ನು ಕೊಲ್ಲಬೇಕಾಗಿ ಬರುವುದೂ ಉಂಟು. ಪ್ರವಾಸಿಗರ ಎಚ್ಚರಿಕೆ ಕರಡಿಗೂ ರಕ್ಷೆ.